ಮಾಟುಂಗದ ನೆಲ: ಮುಂಬಯಿಯ ಭೂಹಸ್ತಾಂತರ ಕರಾರುಗಳ ಒಂದು ಸಮೀಕ್ಷೆ

೧

ಮುಂಬಯಿಯ ಕನ್ನಡಿಗರಿಗೆ ಮಾಟುಂಗವು ತೀರ ಪರಿಚಿತವಾದ ಸ್ಥಳ. ೧೯೨೬ರಲ್ಲಿ ಸ್ಥಾಪಿತವಾದ ಮೈಸೂರು ಅಸೋಸಿಯೇಷನ್ನು ನೆಲೆನಿಂತುದು ಅಲ್ಲಿಯ ಭಾವೂ ದಾಜಿ ರಸ್ತೆಯಲ್ಲಿ. ನೌಕರಿಯನ್ನರಸಿ ದಕ್ಷಿಣದಿಂದ ಬಂದ ಕುಟುಂಬಗಳು ಮೊದಲು ಮನೆ ಹಿಡಿದುದು ಬಹುಮಟ್ಟಿಗೆ ಅದೇ ಸುತ್ತಿನಲ್ಲಿ. ನೇರವಾದ ಬೀದಿಗಳು, ಬೀದಿಯ ಎರಡು ಬದಿಗಳಲ್ಲಿ ಸಾಲುಮರಗಳು, ಮನೆಮನೆಗೂ ನಡುವೆ ಬಿಟ್ಟ ತೆರಪು, ಅಲ್ಲಲ್ಲಿ ಉದ್ಯಾನಗಳು: ಇವುಗಳನ್ನು ಕಂಡವರು ಇದೊಂದು ಅನುಕೂಲವಾದ ಬಡಾವಣೆಯೆಂದು ಮೆಚ್ಚುತ್ತಾರೆ. ಆದರೆ ಗದ್ದೆ, ತೋಟ, ಜೌಗುಭೂಮಿಗಳಿಂದ ಕೂಡಿದ್ದ ಈ ಹಳ್ಳಿಯ ನೆಲವು ಯಾವ ಕರಾರುಗಳ ಮೂಲಕ ಕೈಯಿಂದ ಕೈಗೆ ದಾಟಿ ಇಂದಿನ ರೂಪವನ್ನು ತಾಳಿತೆಂಬುದು ಅಷ್ಟಾಗಿ ತಿಳಿದ ಸಂಗತಿಯಲ್ಲ.

ಸರಕಾರ, ನಗರಸಭೆ, ಸುಧಾರಣಾ ಟ್ರಸ್ಟು ಇವುಗಳ ನಡುವೆ ನಡೆದ ಭೂಹಸ್ತಾಂತರವು ಮೇಲುನೋಟಕ್ಕೆ ಕಾಗದಪತ್ರಗಳ ವ್ಯವಹಾರ. ಕೊಡುವವನು ಒಬ್ಬ, ಕೊಳ್ಳುವವನು ಇನ್ನೊಬ್ಬ; ಸಹಿಗಳು ಈ ಇಬ್ಬರವೇ. ಆದರೆ ಅಂಥ ಪ್ರತಿಯೊಂದು ವ್ಯವಹಾರದಲ್ಲಿಯೂ ಮೂರನೆಯವನೊಬ್ಬನಿರುತ್ತಾನೆ. ಅವನು ಆ ನೆಲದ ಮೇಲೆ ಈಗಾಗಲೇ ಬದುಕುತ್ತಿರುವವನು, ಇಲ್ಲವೆ ಆ ನೆಲದಲ್ಲಿ ಮನೆ ದೊರೆಯುವುದೆಂದು ಯಾರ ಹೆಸರಿನಲ್ಲಿ ಯೋಜನೆಯನ್ನು ಹೂಡಲಾಯಿತೋ ಅವನು. ಕರಾರಿನಲ್ಲಿ ಈ ಮೂರನೆಯವನ ಪಾಲನ್ನು ಅಳತೆಗೆ ಸಿಕ್ಕುವಂತೆ ಬರೆದಿದ್ದರೆ ಅದು ನಡೆಯುತ್ತದೆ. ಸದಿಚ್ಛೆಯ ಮಾತಾಗಿ ಬಿಟ್ಟಿದ್ದರೆ ನಡೆಯುವುದಿಲ್ಲ. ಮಾಟುಂಗದ ಇತಿಹಾಸವು ಈ ಸತ್ಯಕ್ಕೆ ಒಂದು ನಿದರ್ಶನ.

೨

ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಮುಂಬಯಿ ದ್ವೀಪದ ಉತ್ತರ ಭಾಗವು ಹೆಸರಿಗೆ ಮಾತ್ರ ನಗರವಾಗಿತ್ತು. ದಾದರ, ಮಾಟುಂಗ, ವಡಾಳ, ಸಯನ್, ನಾಯಗಾಂವ್ ಇವು ಹಳ್ಳಿಗಳು. ಭತ್ತದ ಗದ್ದೆ, ತೆಂಗುತಾಳೆಗಳ ತೋಪು, ಅಂಚಿನಲ್ಲಿ ಉಪ್ಪಿನಾಗರಗಳು. ಆಗರಿ, ಭಂಡಾರಿ, ಕೋಳಿ ಜನಾಂಗಗಳು ಅಲ್ಲಿಯ ಹಳೆಯ ನಿವಾಸಿಗಳು. ನಗರಸಭೆಯ ಎಲ್ಲೆಯೊಳಗೆ ಇದ್ದರೂ ಅವರ ಜೀವನಕ್ರಮ ಕೋಟೆಯ ಪೇಟೆಯದಾಗಿರಲಿಲ್ಲ.

ಈ ನೆಲದ ಒಡೆತನವೂ ಸರಳವಾಗಿರಲಿಲ್ಲ. ‘ತೋಕಾ’ ಎಂಬುದು ಗದ್ದೆಗಳ ಮೇಲೆ ಬೆಳೆಯ ಪಾಲಿನ ರೂಪದಲ್ಲಿ ಆರಂಭವಾಗಿ ಮುಂದೆ ಹಣದ ರೂಪಕ್ಕೆ ತಿರುಗಿದ ಕಂದಾಯ. ‘ಫೊರಾಸ್’ ಎಂಬುದು ಕಡಲ ನೀರು ನುಗ್ಗುತ್ತಿದ್ದ ತಗ್ಗಿನ ಭೂಮಿಯನ್ನು ಒಡ್ಡುಕಟ್ಟಿ ಸಾಗುವಳಿಗೆ ತಂದವರಿಗೆ ಕಡಿಮೆ ದರದಲ್ಲಿ ಬಿಟ್ಟುಕೊಟ್ಟ ಹಿಡುವಳಿ. ಕೋಟೆಯ ‘ಹೊರಗಿನ’ ನೆಲವೆಂಬ ಅರ್ಥದ ಪೋರ್ಚುಗೀಸ್ ಮಾತೇ ಅದರ ಮೂಲವೆಂದು ಹೇಳುವುದುಂಟು. ೧೮೫೧ರ ಫೊರಾಸ್ ಕಾಯಿದೆಯು ಈ ಹಿಡುವಳಿದಾರರ ಹಕ್ಕುಗಳನ್ನು ಒಂದು ಕ್ರಮಕ್ಕೆ ತಂದಿತು. ಹಿಡುವಳಿದಾರನಿಗೆ ದಾಖಲೆಯಿತ್ತು, ಅವನ ಕೈಕೆಳಗೆ ಉಳುತ್ತಿದ್ದವನಿಗೆ, ಗುಡಿಸಲು ಹಾಕಿಕೊಂಡಿದ್ದವನಿಗೆ ಬಹುಮಟ್ಟಿಗೆ ದಾಖಲೆಯಿರಲಿಲ್ಲ. ಮುಂದೆ ಪರಿಹಾರದ ಪ್ರಶ್ನೆ ಬಂದಾಗ ಈ ಭೇದವು ನಿರ್ಣಾಯಕವಾಯಿತು.

ನಗರವು ತನ್ನ ಅಗತ್ಯಕ್ಕಾಗಿ ಹಳ್ಳಿಯ ನೆಲವನ್ನು ಬಳಸಿಕೊಂಡುದು ಇದೇ ಮೊದಲಲ್ಲ. ೧೮೬೦ರಲ್ಲಿ ನೀರೊದಗಿಸಿದ ವಿಹಾರ ಸರೋವರ, ೧೮೭೯ರ ತುಳಸಿ, ೧೮೯೨ರ ತಾನ್ಸಾ, ಈ ಮೂರೂ ಆಗಿನ ಮುಂಬಯಿ ನಗರಸಭೆಯ ಎಲ್ಲೆಯ ಹೊರಗಿದ್ದುವು. ಠಾಣೆ ಜಿಲ್ಲೆಯ ಕಣಿವೆಗಳಲ್ಲಿ ನಿಂತ ನೀರು ಕೊಳವೆಗಳ ಮೂಲಕ ಹಲವು ಹಳ್ಳಿಗಳನ್ನು ದಾಟಿ ದ್ವೀಪಕ್ಕೆ ಬಂದಿತು. ಹೊರಗಿನ ನೆಲ, ಒಳಗಿನ ಅನುಕೂಲ ಎಂಬ ಪದ್ಧತಿಯು ಹೀಗೆ ಮೊದಲೇ ರೂಢಿಗೆ ಬಂದಿತ್ತು.

೩

೧೮೯೬ರ ಸೆಪ್ಟೆಂಬರಿನಲ್ಲಿ ಮಾಂಡವಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಅದನ್ನು ಗುರುತಿಸಿದವರು ಡಾಕ್ಟರ್ ಅಕಾಸಿಯೊ ವಿಯೇಗಾಸ್. ಲಕ್ಷಗಟ್ಟಲೆ ಜನ ನಗರವನ್ನು ಬಿಟ್ಟು ಓಡಿದರು. ೧೮೯೧ರ ಜನಗಣತಿಯಲ್ಲಿ ೮,೨೧,೭೬೪ ಇದ್ದ ಜನಸಂಖ್ಯೆ ೧೯೦೧ರಲ್ಲಿ ೭,೭೬,೦೦೬ಕ್ಕೆ ಇಳಿದುದೇ ಆ ವಿಪತ್ತಿನ ಪರಿಮಾಣವನ್ನು ಸೂಚಿಸುತ್ತದೆ. ರೋಗಕ್ಕೆ ಇಕ್ಕಟ್ಟಾದ ಬೀದಿಗಳೂ ಗಾಳಿಬೆಳಕಿಲ್ಲದ ಚಾಳುಗಳೂ ಕಾರಣವೆಂದು ಆಡಳಿತಗಾರರು ನಂಬಿದರು. ರೋಗವನ್ನು ಹರಡುವುದು ಇಲಿಯ ಮೈಮೇಲಿನ ಚಿಗಟವೆಂಬ ಅರಿವು ವ್ಯಾಪಕವಾಗಿ ಅಂಗೀಕೃತವಾದುದು ಅನಂತರದ ಮಾತು.

ಈ ನಂಬಿಕೆಯ ಫಲವೇ ೧೮೯೮ರ ಮುಂಬಯಿ ನಗರ ಸುಧಾರಣಾ ಕಾಯಿದೆ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ೧೮೬೬ರಲ್ಲಿಯೇ ಇಂಥ ಟ್ರಸ್ಟೊಂದು ಏರ್ಪಟ್ಟು ಹೆಸರಾಗಿತ್ತು. ಮುಂಬಯಿಯಲ್ಲಿ ೧೮೮೮ರ ಕಾಯಿದೆಯಂತೆ ಚುನಾಯಿತ ಸದಸ್ಯರನ್ನೊಳಗೊಂಡ ನಗರಸಭೆ ಆಗಲೇ ಇತ್ತು. ಆದರೂ ಸರಕಾರವು ಈ ಹೊಸ ಕಾರ್ಯವನ್ನು ಅದಕ್ಕೆ ಒಪ್ಪಿಸದೆ ಪ್ರತ್ಯೇಕವಾದೊಂದು ಮಂಡಲಿಗೆ ಒಪ್ಪಿಸಿತು. ಟ್ರಸ್ಟಿನ ಸದಸ್ಯರಲ್ಲಿ ನಗರಸಭೆ ಆರಿಸಿದವರಿದ್ದರು. ವರ್ತಕರ ಮಂಡಲಿ, ಬಂದರು ಟ್ರಸ್ಟು, ಗಿರಣಿ ಮಾಲಿಕರ ಸಂಘ ಇವುಗಳ ಪ್ರತಿನಿಧಿಗಳಿದ್ದರು. ಅಧಿಕಾರಿಗಳೂ ಸರಕಾರದ ನಾಮಕರಣ ಪಡೆದವರೂ ಇದ್ದರು. ಬಾಡಿಗೆದಾರನ ಪ್ರತಿನಿಧಿ ಮಾತ್ರ ಇರಲಿಲ್ಲ.

ಇಲ್ಲಿ ವಿಶೇಷವಾಗಿ ಗಮನಿಸತಕ್ಕುದು ಈ ಏರ್ಪಾಟಿನ ಆರ್ಥಿಕ ತಳಹದಿ. ಸರಕಾರವು ಟ್ರಸ್ಟಿಗೆ ಮುಖ್ಯವಾಗಿ ಕೊಟ್ಟುದು ಹಣವನ್ನಲ್ಲ, ನೆಲವನ್ನು. ತನ್ನ ಕೆಲವು ಖಾಲಿ ಭೂಮಿಗಳನ್ನು ಅದು ಟ್ರಸ್ಟಿನ ವಶಕ್ಕೆ ಒಪ್ಪಿಸಿತು. ನಗರಸಭೆಯ ಕೆಲವು ಭೂಮಿಗಳೂ ಹಾಗೆಯೇ ಟ್ರಸ್ಟಿಗೆ ಬಂದುವು. ಇದಲ್ಲದೆ ನಗರಸಭೆಯು ತನ್ನ ತೆರಿಗೆಯ ಉತ್ಪನ್ನದಿಂದ ವರ್ಷಕ್ಕಿಷ್ಟೆಂದು, ಒಂದು ಗರಿಷ್ಠ ಮಿತಿಗೆ ಒಳಪಟ್ಟು, ವಂತಿಗೆ ಸಲ್ಲಿಸಬೇಕಾಗಿತ್ತು. ಟ್ರಸ್ಟು ಸಾಲವೆತ್ತಿ ಇತರ ನೆಲಗಳನ್ನು ೧೮೯೪ರ ಭೂಸ್ವಾಧೀನ ಕಾಯಿದೆಯ ಕ್ರಮದಲ್ಲಿ ಕೊಂಡು, ಅಭಿವೃದ್ಧಿಪಡಿಸಿ, ಅವುಗಳ ಉತ್ಪನ್ನದಿಂದ ಸಾಲದ ಬಡ್ಡಿಯನ್ನೂ ಅಸಲನ್ನೂ ತೀರಿಸತಕ್ಕದ್ದು. ಪರಿಹಾರದ ವಿವಾದಗಳನ್ನು ತೀರ್ಮಾನಿಸುವುದಕ್ಕೆ ಪ್ರತ್ಯೇಕ ನ್ಯಾಯಮಂಡಲಿಯೊಂದನ್ನು ನೇಮಿಸಲಾಯಿತು.

ಈ ಒಂದು ನಿಬಂಧನೆಯಿಂದ ಟ್ರಸ್ಟಿನ ಸ್ವರೂಪವು ನಿಶ್ಚಿತವಾಯಿತು. ಆರೋಗ್ಯರಕ್ಷಣೆಗೆಂದು ಹುಟ್ಟಿದ ಸಂಸ್ಥೆಯು ಲೆಕ್ಕದ ಪುಸ್ತಕದಲ್ಲಿ ದೊಡ್ಡದೊಂದು ಜಮೀನುದಾರಿಯಾಯಿತು. ನೆಲದಿಂದ ಉತ್ಪನ್ನ ಬಾರದಿದ್ದರೆ ಸಾಲ ತೀರುವಂತಿರಲಿಲ್ಲ. ಕಡಿಮೆ ಬಾಡಿಗೆಯ ಮನೆಗಳನ್ನು ಕಟ್ಟಿದರೆ ಉತ್ಪನ್ನ ಬರುವಂತಿರಲಿಲ್ಲ.

೪

ಟ್ರಸ್ಟಿನ ಯೋಜನೆಗಳಿಗೆ ಕ್ರಮಸಂಖ್ಯೆಗಳಿದ್ದುವು. ಮೊದಲನೆಯದಾದ ನಾಗಪಾಡವು ಇಕ್ಕಟ್ಟಾದ ವಸತಿಗಳನ್ನು ಕೆಡಹಿ ಮತ್ತೆ ಕಟ್ಟುವ ಯೋಜನೆ. ಪ್ರಿನ್ಸೆಸ್ ಬೀದಿ, ಸ್ಯಾಂಡ್‌ಹರ್ಸ್ಟ್ ರಸ್ತೆ ಇವು ದಟ್ಟವಾದ ಪೇಟೆಯ ನಡುವೆ ಸಮುದ್ರದ ಗಾಳಿಗೆ ದಾರಿ ಮಾಡಿಕೊಡಲು ಕೊರೆದ ರಸ್ತೆಗಳು. ಐದನೆಯದು ದಾದರ–ಮಾಟುಂಗ, ಆರನೆಯದು ಸಯನ್–ಮಾಟುಂಗ. ಈ ಕೊನೆಯೆರಡರ ಉದ್ದೇಶ ಬೇರೆ: ಪೇಟೆಯಲ್ಲಿ ಕೆಡಹಿದ ಮನೆಗಳ ಜನಕ್ಕೂ ಮುಂದೆ ಬೆಳೆಯಲಿರುವ ಜನಸಂಖ್ಯೆಗೂ ಉತ್ತರದ ಹಳ್ಳಿಗಳಲ್ಲಿ ತೆರಪಾದ ವಸತಿಯನ್ನು ಸಿದ್ಧಪಡಿಸುವುದು. ದಕ್ಷಿಣದ ಇಕ್ಕಟ್ಟಿಗೆ ಉತ್ತರದ ತೆರಪು ಉತ್ತರವಾಗುವುದೆಂಬುದು ಅದರ ತರ್ಕ.

ಕಾರ್ಯಕ್ರಮವು ಹೀಗಿತ್ತು. ಮೊದಲು ಭೂಸ್ವಾಧೀನ. ಬಳಿಕ ತಗ್ಗನ್ನು ತುಂಬಿ ಮಟ್ಟಮಾಡುವುದು, ರಸ್ತೆಗಳನ್ನು ಹಾಸುವುದು, ಚರಂಡಿ ತೋಡುವುದು. ರಸ್ತೆ ಸಿದ್ಧವಾದೊಡನೆ ಅದನ್ನು ಸಾರ್ವಜನಿಕ ಬೀದಿಯಾಗಿ ನಗರಸಭೆಗೆ ಒಪ್ಪಿಸುವುದು. ಅಂದಿನಿಂದ ದೀಪ, ಗುಡಿಸಾಟ, ದುರಸ್ತಿ ನಗರಸಭೆಯವು. ಬೀದಿಯ ಬದಿಯ ನಿವೇಶನಗಳು ಮಾತ್ರ ಟ್ರಸ್ಟಿನವಾಗಿಯೇ ಉಳಿಯುತ್ತಿದ್ದುವು. ಅರ್ಥಾತ್ ಖರ್ಚು ಹುಟ್ಟಿಸುವ ಆಸ್ತಿ ಒಂದು ಸಂಸ್ಥೆಗೆ, ಉತ್ಪನ್ನ ಹುಟ್ಟಿಸುವ ಆಸ್ತಿ ಇನ್ನೊಂದಕ್ಕೆ. ಹೊಸ ಮನೆಗಳಿಂದ ಬರುವ ತೆರಿಗೆಯು ನಗರಸಭೆಗೆ ಈ ಹೊರೆಯ ಪ್ರತಿಫಲವಾಗಬೇಕಾಗಿತ್ತು. ಆದರೆ ಮನೆಗಳು ಏಳುವವರೆಗೆ ಆ ತೆರಿಗೆಗೆ ಕಾಯಬೇಕಾಗಿತ್ತು.

ನಿವೇಶನಗಳನ್ನು ಟ್ರಸ್ಟು ಮಾರುತ್ತಿರಲಿಲ್ಲ. ೯೯ ವರ್ಷಗಳಿಗೆ, ಕೆಲವೆಡೆ ೯೯೯ ವರ್ಷಗಳಿಗೆ ಗುತ್ತಿಗೆ ಕೊಡುತ್ತಿತ್ತು. ಗುತ್ತಿಗೆಯ ಪತ್ರಗಳು ಬಲು ಕಟ್ಟುನಿಟ್ಟಾದುವು. ಗೊತ್ತುಪಡಿಸಿದ ಅವಧಿಯೊಳಗೆ ಕಟ್ಟಡವನ್ನು ಮುಗಿಸಬೇಕು. ನಕ್ಷೆಗೆ ಟ್ರಸ್ಟಿನ ಒಪ್ಪಿಗೆ ಬೇಕು. ನಿವೇಶನದ ದೊಡ್ಡ ಭಾಗವನ್ನು ತೆರಪಾಗಿ ಬಿಡಬೇಕು. ವರ್ಷವರ್ಷವೂ ನೆಲಬಾಡಿಗೆ ಸಲ್ಲಿಸಬೇಕು. ಬಹುಕಾಲ ಟ್ರಸ್ಟಿನ ಅಧ್ಯಕ್ಷರಾಗಿದ್ದ ಜೆ. ಪಿ. ಆರ್ ಎಂಬವರು ಕೋಣೆಯೊಳಕ್ಕೆ ಬೆಳಕು ಬೀಳುವ ಕೋನವು ಅರವತ್ತಮೂರೂವರೆ ಡಿಗ್ರಿಗಳನ್ನು ಮೀರಬಾರದೆಂಬ ನಿಯಮವನ್ನು ಪ್ರತಿಪಾದಿಸಿದರು. ಎದುರಿನ ಕಟ್ಟಡದ ಎತ್ತರಕ್ಕೂ ನಡುವಣ ತೆರಪಿಗೂ ಹೀಗೆ ಒಂದು ಗಣಿತದ ಸಂಬಂಧ ಏರ್ಪಟ್ಟಿತು. ಮಾಟುಂಗದ ಬೀದಿಗಳಲ್ಲಿ ಇಂದಿಗೂ ಕಾಣುವ ಗಾಳಿಬೆಳಕು ಯಾರ ಔದಾರ್ಯದ ಫಲವೂ ಅಲ್ಲ. ಅಳತೆಯಲ್ಲಿ ಬರೆದ ಷರತ್ತುಗಳ ಫಲ.

೫

ಗಾಳಿಯ ವಿಷಯದಲ್ಲಿ ಇಷ್ಟು ನಿಖರವಾಗಿದ್ದ ಏರ್ಪಾಟು ಮನುಷ್ಯನ ವಿಷಯದಲ್ಲಿ ಸಡಿಲವಾಗಿತ್ತು. ಕೆಡಹಿದ ಮನೆಗಳ ಜನಕ್ಕೆ ವಸತಿ ಕಲ್ಪಿಸುವುದು ಟ್ರಸ್ಟಿನ ಘೋಷಿತ ಉದ್ದೇಶಗಳಲ್ಲಿ ಒಂದಾಗಿತ್ತು. ಆದರೆ ಕಾರ್ಯದಲ್ಲಿ ಕೆಡಹುವುದು ಮುಂದಾಯಿತು, ಕಟ್ಟುವುದು ಹಿಂದಾಯಿತು. ನಾಗಪಾಡದ ಕೂಲಿಕಾರನು ಗಿರಣಿಗೋ ಬಂದರಿಗೋ ನಡೆದುಹೋಗಬಲ್ಲ ದೂರದಲ್ಲಿಯೇ ಇರಬೇಕಾಗಿತ್ತು. ಮಾಟುಂಗದ ಗದ್ದೆಯಲ್ಲಿ ನಿವೇಶನ ಸಿದ್ಧವಾಗುವವರೆಗೆ ಅವನು ಕಾಯುವಂತಿರಲಿಲ್ಲ. ಸಿದ್ಧವಾದ ಮೇಲೆ ಅಲ್ಲಿಯ ಬಾಡಿಗೆ ಅವನಿಗೆ ಎಟಕುವಂತಿರಲಿಲ್ಲ. ಅವನು ಪಕ್ಕದ ಗಲ್ಲಿಯ ಚಾಳಿಗೆ ಸರಿದು ಅಲ್ಲಿಯ ಇಕ್ಕಟ್ಟನ್ನು ಹೆಚ್ಚಿಸಿದನು. ಇತ್ತ ಗದ್ದೆಯ ಹಿಡುವಳಿದಾರನು ದಾಖಲೆ ತೋರಿಸಿ ಪರಿಹಾರ ಪಡೆದನು. ದಾಖಲೆಯಿಲ್ಲದೆ ಉಳುತ್ತಿದ್ದವನ ಪಾಲಿಗೆ ಬಂದುದು ಅಲ್ಪ.

ಟ್ರಸ್ಟು ತಾನೇ ಕೆಲವು ಚಾಳುಗಳನ್ನು ಕಟ್ಟಿತೆಂಬುದನ್ನು ಮರೆಯಲಾಗದು. ಪರೇಲಿನ ಅಂಥ ಚಾಳೊಂದರ ಎರಡು ಕೋಣೆಗಳಲ್ಲಿ ಡಾಕ್ಟರ್ ಬಿ. ಆರ್. ಅಂಬೇಡ್ಕರರ ಕುಟುಂಬ ಎರಡು ದಶಕಗಳಷ್ಟು ಕಾಲ ವಾಸವಾಗಿತ್ತು. ೧೯೩೦ರ ದಶಕದಲ್ಲಿ ಅವರು ದಾದರದ ಹಿಂದೂ ಕಾಲೋನಿಯಲ್ಲಿ ‘ರಾಜಗೃಹ’ವನ್ನು ಕಟ್ಟಿಸಿ ತಮ್ಮ ಗ್ರಂಥಭಂಡಾರದೊಡನೆ ಅಲ್ಲಿಗೆ ಹೋದರು. ಹಿಂದೂ ಕಾಲೋನಿಯೂ ಟ್ರಸ್ಟಿನ ದಾದರ–ಮಾಟುಂಗ ಯೋಜನೆಯ ನೆಲವೇ. ಟ್ರಸ್ಟು ಕಟ್ಟಿದ ಚಾಳು ಮತ್ತು ಟ್ರಸ್ಟು ಗುತ್ತಿಗೆ ಕೊಟ್ಟ ನಿವೇಶನ ಇವೆರಡರ ನಡುವಣ ದೂರವನ್ನು ಅಂದಿನ ಶ್ರಮಿಕರಲ್ಲಿ ಕ್ರಮಿಸಬಲ್ಲವರು ವಿರಳ. ಮಾಟುಂಗದ ನಡುವೆ ಹಾಯುವ, ಹಿಂದೆ ಕಿಂಗ್ಸ್‌ವೇ ಎನಿಸಿದ್ದ ಹೆದ್ದಾರಿಗೆ ಇಂದು ಅವರ ಹೆಸರೇ ಇದೆ.

ಟ್ರಸ್ಟಿನಿಂದ ಆಗದ ಕಾರ್ಯವನ್ನು ಸಾಧಿಸಲು ಸರಕಾರವು ೧೯೨೦ರಲ್ಲಿ, ಜಾರ್ಜ್ ಲಾಯ್ಡ್ ಗವರ್ನರರಾಗಿದ್ದಾಗ, ಅಭಿವೃದ್ಧಿ ಇಲಾಖೆಯನ್ನು ಸ್ಥಾಪಿಸಿತು. ಶ್ರಮಿಕರಿಗೆ ೫೦,೦೦೦ ಕೋಣೆಗಳನ್ನು ಕಟ್ಟುವುದು ಅದರ ಗುರಿ. ಹತ್ತಿಯ ಮೇಲೆ ವಿಧಿಸಿದ ಸುಂಕ ಅದಕ್ಕೆ ಆಧಾರ. ವರಳಿ, ನಾಯಗಾಂವ್, ಡಿಲೈಲ್ ರಸ್ತೆ, ಶಿವಡಿಗಳಲ್ಲಿ ಕೊನೆಗೆ ಎದ್ದುನಿಂತುದು ೨೦೭ ಚಾಳುಗಳು, ಸುಮಾರು ೧೬,೫೦೦ ಕೋಣೆಗಳು; ಗುರಿಯ ಮೂರನೆಯ ಒಂದು ಭಾಗ. ಇದೇ ಇಲಾಖೆಯು ಕೈಗೊಂಡ ಬ್ಯಾಕ್‌ಬೇ ಸಮುದ್ರಪೂರಣದ ವಿಚಾರಣೆಗೆಂದು ೧೯೨೬ರಲ್ಲಿ ನೇಮಕವಾದ ಸಮಿತಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಸದಸ್ಯರಾಗಿದ್ದರೆಂಬುದು ಕನ್ನಡಿಗರು ನೆನೆಯತಕ್ಕ ಸಂಗತಿ.

೬

ಹಾಗಾದರೆ ಮಾಟುಂಗಕ್ಕೆ ಬಂದವರಾರು? ೧೯೨೦ ಮತ್ತು ೧೯೩೦ರ ದಶಕಗಳಲ್ಲಿ ಅಲ್ಲಿಯ ನಿವೇಶನಗಳು ತುಂಬತೊಡಗಿದಾಗ ಬಾಡಿಗೆಗೆ ಬಂದವರು ಬಹುಮಂದಿ ಕಚೇರಿಗಳ ಗುಮಾಸ್ತರು, ಉಪಾಧ್ಯಾಯರು, ರೈಲ್ವೆ ನೌಕರರು. ಅವರಲ್ಲಿ ದಕ್ಷಿಣದವರ ಸಂಖ್ಯೆ ದೊಡ್ಡದು. ಒಂದು ಕುಟುಂಬಕ್ಕೆ ಒಂದು ಬಾಗಿಲು, ಒಳಗೇ ಅಡುಗೆಮನೆ, ಒಳಗೇ ಬಚ್ಚಲುಮನೆ ಇದ್ದ ಹೊಸ ಮಾದರಿಯ ಮನೆಗಳು ಮಡಿ, ಆಹಾರಕ್ರಮಗಳ ಕಟ್ಟುಳ್ಳ ಮಧ್ಯಮವರ್ಗದವರಿಗೆ ಒಗ್ಗಿದುವು. ೧೯೨೩ರಲ್ಲಿ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯೂ ೧೯೩೭ರಲ್ಲಿ ರೂಯಿಯಾ ಕಾಲೇಜೂ ಅಲ್ಲಿಗೆ ಬಂದುದರಿಂದ ವಿದ್ಯಾರ್ಥಿಗಳಿಗೆ ಅನುಕೂಲವಾಯಿತು.

ಕನ್ನಡಿಗರ ಈ ವಲಸೆಯ ಹಿಂದೆಯೂ ಒಂದು ಹಸ್ತಾಂತರವಿದೆ. ೧೮೬೨ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸಿನಿಂದ ತೆಗೆದು ಮುಂಬಯಿ ಆಧಿಪತ್ಯಕ್ಕೆ ಸೇರಿಸಲಾಯಿತು. ಧಾರವಾಡ, ಬೆಳಗಾವಿ, ವಿಜಾಪುರಗಳಂತೆ ಕಾರವಾರಕ್ಕೂ ಅಂದಿನಿಂದ ೧೯೫೬ರವರೆಗೆ ಮುಂಬಯಿಯೇ ರಾಜಧಾನಿ. ಮನೆಯ ಅಭಾವವನ್ನು ಸ್ವಪ್ರಯತ್ನದಿಂದ ನೀಗಿಕೊಳ್ಳುವ ದಾರಿಯನ್ನು ಮೊದಲು ತೋರಿಸಿದವರೂ ಕನ್ನಡ ಕರಾವಳಿಯ ಮೂಲದವರೇ: ಶ್ರೀಪಾದ ಸುಬ್ಬರಾವ್ ತಾಲ್ಮಕಿಯವರ ನೇತೃತ್ವದಲ್ಲಿ ೧೯೧೫ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ಹುಟ್ಟಿತು. ಅಲ್ಲಿ ವಾಸಿಸುವವನೇ ಸದಸ್ಯ, ಸದಸ್ಯನೇ ಒಡೆಯರಲ್ಲಿ ಒಬ್ಬ. ಭೂಮಿಯ ಕರಾರಿನಲ್ಲಿ ಮೂರನೆಯವನು ತಾನೇ ಸಹಿದಾರನಾಗುವ ಉಪಾಯವಿದು. ಆದರೆ ಒಟ್ಟುಗೂಡಿ ಮೂಲಧನ ಹಾಕಬಲ್ಲವರಿಗೆ ಮಾತ್ರ ಅದು ಸಾಧ್ಯವಾಗಿತ್ತು.

ಮುಂಬಯಿಯ ಮಾದರಿಯು ಕನ್ನಡನಾಡಿಗೂ ಬೇಗನೆ ಬಂದಿತು. ಪ್ಲೇಗಿನ ಹೊಡೆತವನ್ನು ತಿಂದ ಮೈಸೂರಿನಲ್ಲಿ ೧೯೦೩ರಲ್ಲಿ ನಗರ ಸುಧಾರಣಾ ಟ್ರಸ್ಟು ಸ್ಥಾಪಿತವಾಯಿತು, ಬೆಂಗಳೂರಿನಲ್ಲಿ ೧೯೪೫ರಲ್ಲಿ. ಊರಿನ ಹೊರಗಣ ಹಳ್ಳಿಯ ನೆಲವನ್ನು ಸ್ವಾಧೀನಪಡಿಸಿಕೊಂಡು, ರಸ್ತೆ ಚರಂಡಿಗಳನ್ನು ಮಾಡಿ, ನಿವೇಶನ ಹಂಚಿ, ಸಿದ್ಧವಾದ ಬಡಾವಣೆಯನ್ನು ನಗರಸಭೆಗೆ ಒಪ್ಪಿಸುವ ಪದ್ಧತಿಯು ಅಲ್ಲಿಯೂ ರೂಢವಾಯಿತು. ಮೈಸೂರಿನವನು ಮಾಟುಂಗದಲ್ಲಿ ಕಂಡ ಬೀದಿಯ ಕ್ರಮವು ಅವನಿಗೆ ಅಪರಿಚಿತವೆನಿಸದಿದ್ದುದಕ್ಕೆ ಇದೂ ಒಂದು ಕಾರಣವಾಗಿರಬಹುದು.

ಹೀಗೆ, ನಾಗಪಾಡದ ಬಡವರ ಹೆಸರಿನಲ್ಲಿ, ಮಾಟುಂಗದ ರೈತರ ನೆಲದಲ್ಲಿ ಹೂಡಿದ ಯೋಜನೆಯು ಕೊನೆಗೆ ದೂರದಿಂದ ಬಂದ ವಿದ್ಯಾವಂತರಿಗೆ ಆಶ್ರಯವಾಯಿತು. ಬಂದವರ ತಪ್ಪು ಇದರಲ್ಲಿಲ್ಲ. ಬಾಡಿಗೆ ಕೊಟ್ಟು ಬಂದರು, ಸಂಘಗಳನ್ನು ಕಟ್ಟಿದರು, ನುಡಿಯನ್ನು ಉಳಿಸಿಕೊಂಡರು. ಆದರೂ ತಮಗೆ ದೊರೆತ ತೆರಪು ಮತ್ತೊಬ್ಬರಿಗೆ ಕೊಟ್ಟ ಮಾತಿನಿಂದ ಬಂದುದೆಂಬ ಅರಿವು ಆ ನೆಲದ ಇತಿಹಾಸದ ಒಂದು ಭಾಗ. ವಲಸೆಗಾರರು ತಮ್ಮ ಕಷ್ಟದ ಚರಿತ್ರೆಯನ್ನು ಬರೆಯುವಾಗ ಅದನ್ನೂ ಸೇರಿಸಿ ಬರೆಯುವುದು ನ್ಯಾಯ.

೭

ಎರಡು ಆಡಳಿತಗಳ ದ್ವಂದ್ವವು ಬಹುಕಾಲ ಉಳಿಯಲಿಲ್ಲ. ೧೯೨೫ರಲ್ಲಿ ಟ್ರಸ್ಟಿನ ವರ್ಗಾವಣೆಯ ಕಾಯಿದೆಯಾಯಿತು; ೧೯೩೩ರಲ್ಲಿ ಟ್ರಸ್ಟು ನಗರಸಭೆಯಲ್ಲಿ ಪೂರ್ತಿಯಾಗಿ ವಿಲೀನವಾಯಿತು. ಟ್ರಸ್ಟಿನ ನಿವೇಶನಗಳೂ ಚಾಳುಗಳೂ ಸಾಲಗಳೂ ನಗರಸಭೆಗೆ ಬಂದುವು. ತೆರಿಗೆ ವಿಧಿಸುವ ಸಂಸ್ಥೆಯೇ ಜಮೀನುದಾರನೂ ಆಯಿತು. ೧೯೫೦ರಲ್ಲಿ ಬಾಂದ್ರಾ, ಕುರ್ಲಾ ಮೊದಲಾದ ಉಪನಗರಗಳ ಪುರಸಭೆಗಳು ಬೃಹನ್ಮುಂಬಯಿಯಲ್ಲಿ ಸೇರಿದುವು. ೧೯೫೭ರಲ್ಲಿ ಎಲ್ಲೆಯು ದಹಿಸರ, ಮುಲುಂದಗಳವರೆಗೆ ಹಬ್ಬಿತು. ಒಂದೊಂದು ವಿಲೀನದಲ್ಲಿಯೂ ಪುರಸಭೆಯ ಆಸ್ತಿ, ಹೊಣೆಗಾರಿಕೆ, ನೌಕರವರ್ಗಗಳು ದಾಟಿದುವು. ಮಾಟುಂಗದಲ್ಲಿ ನಡೆದ ಕಥೆಯು ಸಾಲಸೆಟ್ಟಿಯ ಹಳ್ಳಿಗಳಲ್ಲಿ ಹೊಸ ಹೆಸರುಗಳೊಡನೆ ಮತ್ತೆ ನಡೆಯಿತು.

೯೯ ವರ್ಷಗಳ ಗುತ್ತಿಗೆಯೆಂದರೆ ಒಂದು ಕಾಲಕ್ಕೆ ಕೊನೆಯಿಲ್ಲದ ಅವಧಿಯೆಂದು ತೋರಿದ್ದಿರಬೇಕು. ೧೯೧೦ ಮತ್ತು ೧೯೨೦ರ ದಶಕಗಳಲ್ಲಿ ಕೊಟ್ಟ ಅಂಥ ಗುತ್ತಿಗೆಗಳ ಅವಧಿಯು ೨೦೧೦ ಮತ್ತು ೨೦೨೦ರ ದಶಕಗಳಲ್ಲಿ ತೀರುತ್ತದೆ. ನವೀಕರಣದ ಷರತ್ತೇನು, ನೆಲಬಾಡಿಗೆಯ ದರವೇನು, ಒಳಗಿರುವ ಬಾಡಿಗೆದಾರನ ಗತಿಯೇನು ಎಂಬ ಹಳೆಯ ಪ್ರಶ್ನೆಗಳು ಹೀಗೆ ಮತ್ತೆ ತಲೆಯೆತ್ತಿವೆ. ಇತ್ತ ಅಭಿವೃದ್ಧಿ ಇಲಾಖೆಯ ಹಳೆಯ ಚಾಳುಗಳನ್ನು ಕೆಡಹಿ ಕಟ್ಟುವ ಕಾರ್ಯದಲ್ಲಿ, ಅರ್ಹವಾದ ಪ್ರತಿ ಕುಟುಂಬಕ್ಕೆ ೫೦೦ ಚದರಡಿಯ ಮನೆಯೆಂಬ ಷರತ್ತನ್ನು ಯೋಜನೆಯಲ್ಲಿಯೇ ಬರೆಯಲಾಗಿದೆ. ಒಂದು ಶತಮಾನದ ತರುವಾಯ ಮೂರನೆಯವನ ಪಾಲು ಅಳತೆಯ ರೂಪದಲ್ಲಿ ಕಾಗದಕ್ಕೆ ಇಳಿದಂತಾಯಿತು. ‘ಅರ್ಹ’ನಾರೆಂಬುದನ್ನು ನಿರ್ಧರಿಸುವಾಗ ದಾಖಲೆಯುಳ್ಳವನಿಗೂ ಇಲ್ಲದವನಿಗೂ ಇರುವ ಆ ಹಳೆಯ ಭೇದವು ಮಾತ್ರ ಇನ್ನೂ ಅಳಿದಿಲ್ಲ.

ಬೆಳಕಿನ ಕೋನವನ್ನು ಅರ್ಧ ಡಿಗ್ರಿಯವರೆಗೆ ಗೊತ್ತುಪಡಿಸಿದವರು, ಕೆಡಹುವ ಒಂದೊಂದು ಕೋಣೆಗೆ ಪ್ರತಿಯಾಗಿ ಎಷ್ಟು ದಿನಗಳಲ್ಲಿ, ಎಷ್ಟು ದೂರದಲ್ಲಿ, ಎಷ್ಟು ಬಾಡಿಗೆಗೆ ಇನ್ನೊಂದು ಕೋಣೆ ಸಿದ್ಧವಾಗಬೇಕೆಂಬುದನ್ನೂ ಅಷ್ಟೇ ಕಟ್ಟುನಿಟ್ಟಾಗಿ ನಡೆಸಿದ್ದರೆ ಮಾಟುಂಗದ ಚರಿತ್ರೆ ಬೇರೆಯಾಗುತ್ತಿತ್ತು. ಹಳ್ಳಿಯ ನೆಲವು ನಗರದ ವಸತಿಯಾಗಿ ದಾಟುವ ಕಾರ್ಯವು ಮುಂಬಯಿಯ ಸುತ್ತಲೂ ಬೆಂಗಳೂರಿನ ಸುತ್ತಲೂ ಇಂದಿಗೂ ನಡೆದಿದೆ. ಅಂಥ ಕರಾರುಗಳನ್ನು ಓದುವವರು ಎಕರೆಗಳ ಸಂಖ್ಯೆಗಿಂತ ಮೊದಲು ನೋಡಬೇಕಾದುದು, ಸಹಿ ಮಾಡದಿರುವವನ ಪಾಲನ್ನು ಅಲ್ಲಿ ಯಾವ ಅಳತೆಯಲ್ಲಿ ಬರೆದಿದೆಯೆಂಬುದನ್ನು.